ರಾಕೆಟ್ಟು ಕಟ್ಟಿದ ಮೇಸ್ತ್ರಿ

ಬಟ್ಟೆ ಒಗೆಯಲು ಹಾಕುವ ಮೊದಲು ಜೇಬು ತಡಕುವ ಅಭ್ಯಾಸ ನಿಮ್ಮ ಮನೆಯಲ್ಲೂ ಯಾರಿಗಾದರೂ ಇದ್ದೇ ಇರುತ್ತದೆ. ನಮ್ಮಲ್ಲಿ ಅದು ನನ್ನ ಪಾಲಿನ ಕೆಲಸ. ಗಂಡನ ಜೇಬಿನಲ್ಲಿ ಅಂಗಡಿಯ ಚೀಟಿಗಳು, ನನ್ನದರಲ್ಲಿ ಸೀಮೆಸುಣ್ಣದ ತುಂಡು, ಉಪ್ಪನ ಅಂಗಿಯಲ್ಲಿ ಬಸ್ಸಿನ ಟಿಕೆಟು, ಗಿಡ್ಡ ಪೆನ್ಸಿಲು, ಒಂದೆರಡು ಮೊಳೆ. ವರ್ಷಗಳಿಂದ ಇಷ್ಟೇ. ಆದರೆ ಹೋದ ತಿಂಗಳು ಒಂದು ಸೋಮವಾರ ಉಪ್ಪನ ಬಿಳಿ ಅಂಗಿಯ ಜೇಬಿನಿಂದ ಹೊಸ ಸಾಮಾನೊಂದು ಕೈಗೆ ಬಂತು. ಕಿರುಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದಾದ, ತಲೆಯ ಮೇಲೆ ಎರಡು ಗುಳ್ಳೆಗಳಿರುವ ಬಿಳಿ ಪ್ಲಾಸ್ಟಿಕ್ ಇಟ್ಟಿಗೆ.

"ಉಪ್ಪಾ, ಇದು ಹಿಬಾಳ ರಾಕೆಟ್ಟಿನದ್ದಲ್ವಾ?"

"ಹೌದು."

"ಇಲ್ಲಿಗೆ ಹೇಗೆ ಬಂತು?"

"ಬಂತು. ಅಲ್ಲಿಡು. ಒಗೀಬೇಡ."

ಇಟ್ಟಿಗೆ ಒಗೆಯುವಷ್ಟು ಪುರುಸೊತ್ತು ನನಗೆಲ್ಲಿಂದ ಬರಬೇಕು? ಕಪಾಟಿನ ಮೇಲಿಟ್ಟೆ. ಆದರೆ ತಲೆಯೊಳಗೆ ಅದು ಕುಟುಕುತ್ತಲೇ ಇತ್ತು. ಉಪ್ಪ ಬೇರೆಯವರ ಒಂದು ಗುಂಡುಸೂಜಿಯನ್ನೂ ಮನೆಗೆ ತಂದವರಲ್ಲ. ಅಂಥವರು ಸ್ವಂತ ಮೊಮ್ಮಗಳ ಆಟದ ಸಾಮಾನನ್ನು ಜೇಬಿಗೆ ಇಳಿಸಿಕೊಂಡು ಬಂದಿದ್ದಾರೆ. ಯಾಕೆಂದು ಹೇಳಬೇಕಾದರೆ ಇಡೀ ರಾಕೆಟ್ಟಿನ ಕತೆಯನ್ನೇ ಹೇಳಬೇಕು. ಕೂತುಕೊಳ್ಳಿ, ಅವಸರವಿಲ್ಲ.

ಉಪ್ಪ ಅಂದರೆ ನನ್ನ ತಂದೆ, ಅದ್ದು ಮೇಸ್ತ್ರಿ. ಪುತ್ತೂರಿನಿಂದ ಸುಳ್ಯದವರೆಗೆ, ಆಚೆ ಕಡಬ, ನೆಲ್ಯಾಡಿಯವರೆಗೆ ಕೆಂಪುಕಲ್ಲಿನ ಮನೆ ಕಟ್ಟಿಸಿದವರಲ್ಲಿ ಅರ್ಧ ಜನಕ್ಕೆ ಅವರ ಪರಿಚಯವಿದೆ. ಉಳಿದರ್ಧ ಜನ, ಅವರು ನಾಳೆ ಬರುತ್ತಾರೆಂದು ಇನ್ನೂ ಕಾಯುತ್ತಿದ್ದಾರೆ. ಕಟ್ಟುವ ಕೆಲಸದಲ್ಲಿ ಉಪ್ಪನಿಗೆ ಎಷ್ಟು ಹೆಸರೋ, 'ನಾಳೆ ಬರ್ತೇನೆ' ಎನ್ನುವುದರಲ್ಲೂ ಅಷ್ಟೇ ಹೆಸರು. ಒಂದೇ ಬೆಳಿಗ್ಗೆ ಮೂರು ಊರಿನವರಿಗೆ ನಾಳೆ ಬರುತ್ತೇನೆಂದು ಹೇಳಿ ನಾಲ್ಕನೆಯ ಊರಿಗೆ ಹೋದದ್ದುಂಟು. "ಇವರ ನಾಳೆಗೆ ಬೇರೆಯೇ ಕ್ಯಾಲೆಂಡರ್ ಬೇಕು" ಎಂದು ನನ್ನ ತಾಯಿ, ಉಮ್ಮ, ಇದ್ದಾಗ ಹೇಳುತ್ತಿದ್ದರು. ಮನೆಗೆ ಹುಡುಕಿಕೊಂಡು ಬಂದವರಿಗೆ ಚಾ ಕೊಟ್ಟು ಸಮಾಧಾನ ಮಾಡುವುದು ಉಮ್ಮನ ಕೆಲಸ. ನಾನು ಬಾಗಿಲ ಸಂದಿಯಿಂದ ನೋಡುತ್ತಾ, ಸುಳ್ಳು ಹೇಳಿದರೂ ಇಷ್ಟು ಮರ್ಯಾದೆ ಸಿಗುವ ಉದ್ಯೋಗ ಮೇಸ್ತ್ರಿಯದ್ದೊಂದೇ ಎಂದುಕೊಳ್ಳುತ್ತಿದ್ದೆ. ಕೊನೆಗೆ ನಾನು ಹಿಡಿದದ್ದು ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳುವ ಕೆಲಸ. ನಮ್ಮ ಮನೆಮಾತು ಬ್ಯಾರಿ. ಇಲ್ಲಿ ಎಲ್ಲರನ್ನೂ ಕನ್ನಡದಲ್ಲಿ ಮಾತಾಡಿಸುತ್ತಿರುವುದು ಆ ಉದ್ಯೋಗದ ಚಟ.

ಉಪ್ಪನ ಜೊತೆ ನಮ್ಮೂರು ಕುಂಬ್ರದಿಂದ ಸುಳ್ಯಕ್ಕೆ ಬಸ್ಸಿನಲ್ಲಿ ಹೋಗುವುದೆಂದರೆ ನೆಂಟರ ಮನೆಗಳಿಗೆಲ್ಲ ಇಣುಕಿಕೊಂಡು ಹೋದ ಹಾಗೆ. "ಅದು ನಮ್ಮದು. ಅದರ ಪಾಯ ನಮ್ಮದು, ಮೇಲಿನದ್ದು ಬೇರೆಯವನು, ನೋಡು ಹೇಗೆ ಬಾಗಿದೆ ಅಂತ." ಮದುವೆ ಮನೆಗೆ ಹೋದರೆ ಎಲ್ಲರೂ ಮದುಮಗನನ್ನು ನೋಡುವಾಗ ಇವರು ಚಪ್ಪರದಾಚೆಯ ಗೋಡೆಯ ಮೂಲೆಗೆ ಒಂದು ಕಣ್ಣು ಮುಚ್ಚಿ ನೋಡುತ್ತಿರುತ್ತಾರೆ. ಆಮೇಲೆ ಊಟ ಹೇಗಿತ್ತು ಎಂದು ಕೇಳಿದರೆ, "ಊಟ ಒಳ್ಳೇದು. ಅಡುಗೆಕೋಣೆ ಅರ್ಧ ಇಂಚು ಔಟ್" ಎನ್ನುತ್ತಾರೆ.

ಮೂರು ವರ್ಷದ ಹಿಂದೆ ಅವರ ಬಲಗೈ ನಡುಗತೊಡಗಿತು. ಡಾಕ್ಟರು ವಯಸ್ಸಿನದ್ದು ಎಂದರು. ಕರಣೆಯಲ್ಲಿ ಎತ್ತಿದ ಗಾರೆ ಕಲ್ಲಿನ ಮೇಲೆ ಬೀಳುವ ಮೊದಲೇ ಕಾಲಿನ ಮೇಲೆ ಬೀಳುತ್ತಿತ್ತು. ಒಂದು ದಿನ ಅವರು ಕರಣೆಯನ್ನೂ ಗೋಡೆ ನೆಟ್ಟಗಿದೆಯೇ ಎಂದು ನೋಡುವ ತೂಗುಗುಂಡನ್ನೂ ತೊಳೆದು, ಎಣ್ಣೆ ಒರೆಸಿ, ಚೀಲಕ್ಕೆ ಹಾಕಿ ಮೊಳೆಗೆ ನೇತುಹಾಕಿದರು. ಆಮೇಲೆ ಅವರ ಮೊಬೈಲು ತೆಪ್ಪಗಾಯಿತು. ಮೊದಲು ಅದು ರಿಂಗಾದರೆ, "ನಾನಿಲ್ಲ ಅಂತ ಹೇಳು" ಎಂದು ನಮ್ಮ ಕೈಗೆ ತುರುಕುತ್ತಿದ್ದ ಮನುಷ್ಯ, ಈಗ ಅದನ್ನು ಆಗಾಗ ತೆಗೆದು ಚಾರ್ಜ್ ಉಂಟಾ ಎಂದು ನೋಡುತ್ತಿದ್ದರು. ಯಾರೂ ಕರೆಯುತ್ತಿರಲಿಲ್ಲ. ಕರೆಯುವವರಿಲ್ಲದ ಮೇಸ್ತ್ರಿ ಮನೆಯಲ್ಲಿ ಕೂತು ಎಂತ ಮಾಡಬೇಕು? ನಮ್ಮ ಗೋಡೆಗಳನ್ನು ನೋಡಬೇಕು. ಅವು ಅವರೇ ಕಟ್ಟಿದವಾದ್ದರಿಂದ ತಪ್ಪು ಹುಡುಕುವ ಸುಖವೂ ಇಲ್ಲ.

ಹೀಗಿರುವಾಗ ದುಬೈಯಿಂದ ಪೆಟ್ಟಿಗೆ ಬಂತು.

ದುಬೈಯಲ್ಲಿರುವವನು ನನ್ನ ತಮ್ಮ ಹಮೀದ್. ಅವನ ಹೆಂಡತಿ ರಮ್ಲಾ ಮತ್ತು ಮಗಳು ಹಿಬಾ ಇರುವುದು ಸುಳ್ಯದ ಹತ್ತಿರ ಅಜ್ಜಾವರದಲ್ಲಿ. ಗಲ್ಫ್ ಪೆಟ್ಟಿಗೆ ಬಿಚ್ಚುವುದನ್ನು ನೀವು ನೋಡಿದ್ದೀರೋ ಇಲ್ಲವೋ. ಹಗ್ಗ ಕೊಯ್ಯಬಾರದು, ಬಿಚ್ಚಬೇಕು. ಆ ಹಗ್ಗವೇ ಆಮೇಲೆ ಹತ್ತು ವರ್ಷ ಬಟ್ಟೆ ಒಣಗಿಸಲಿಕ್ಕೆ. ಹಾಲಿನ ಪುಡಿ, ಸಾಬೂನು, ತಲೆನೋವಿನ ಮುಲಾಮು, ಖರ್ಜೂರ ಎಲ್ಲವೂ ಮೇಲಿನಿಂದ ಬರಬೇಕು, ಮಕ್ಕಳಿಗೆ ಬೇಕಾದದ್ದು ಮಾತ್ರ ತಳದಲ್ಲಿರಬೇಕು. ದಸರಾ ರಜೆಗೆ ನಾನು ಉಪ್ಪನನ್ನು ಕರೆದುಕೊಂಡು ಅಜ್ಜಾವರಕ್ಕೆ ಹೋದ ದಿನವೇ ಆ ಪೆಟ್ಟಿಗೆ ಬಿಚ್ಚಿದ್ದು. ತಳದಲ್ಲಿ ರಾಕೆಟ್ಟಿನ ಚಿತ್ರವಿರುವ ಇನ್ನೊಂದು ಪೆಟ್ಟಿಗೆಯಿತ್ತು. ಅದರೊಳಗೆ ಸಾವಿರಕ್ಕೂ ಮಿಕ್ಕಿ ಪ್ಲಾಸ್ಟಿಕ್ ಇಟ್ಟಿಗೆಗಳು. ಒಂದಕ್ಕೊಂದು ಸಿಕ್ಕಿಸುತ್ತಾ ಹೋದರೆ ಹಿಬಾಳ ಸೊಂಟದೆತ್ತರದ ರಾಕೆಟ್ಟು, ಪಕ್ಕದಲ್ಲಿ ಅದನ್ನು ಹಾರಿಸುವ ಗೋಪುರ.

ಹಿಬಾ ಆರನೆಯ ಕ್ಲಾಸು. ರಜೆಯ ಕೊನೆಯ ಶನಿವಾರವೇ ಸುಳ್ಯದಲ್ಲಿ ಮಕ್ಕಳ ವಿಜ್ಞಾನ ವಸ್ತುಪ್ರದರ್ಶನ. ರಾಕೆಟ್ಟು ಹಂತ ಹಂತವಾಗಿ ಕಳಚಿಕೊಂಡು ಮೇಲೆ ಹೋಗುವುದನ್ನು ತೋರಿಸಿ ವಿವರಿಸುತ್ತೇನೆಂದು ಅವಳು ಟೀಚರಿಗೆ ಮೊದಲೇ ಮಾತು ಕೊಟ್ಟಾಗಿತ್ತು. ರಮ್ಲಾಳಿಗೆ ಅಡುಗೆ, ಹೊಲಿಗೆ. ನನಗೆ ಕೈಕೆಲಸವೆಂದರೆ ಆಗದು. ಉಳಿದದ್ದು ಜಗಲಿಯ ಕುರ್ಚಿಯಲ್ಲಿ ಕೂತು ಪಕ್ಕದ ಮನೆಯ ಕಾಂಪೌಂಡಿನಲ್ಲಿ ತಪ್ಪು ಹುಡುಕುತ್ತಿದ್ದ ಅಜ್ಜ.

"ಅಜ್ಜಾ, ಇಟ್ಟಿಗೆ ಕೆಲಸ ಉಂಟು. ಬರ್ತೀರಾ?"

ಉಪ್ಪ ತಿರುಗಿ ನೋಡಿದರು. ಮೂರು ವರ್ಷದಲ್ಲಿ ಆ ಮಾತನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಅಭ್ಯಾಸಬಲ ನೋಡಿ, ಬಾಯಿಂದ ಬಂದದ್ದು, "ನಾಳೆ ನೋಡುವಾ."

ಹತ್ತು ನಿಮಿಷದಲ್ಲಿ ಬಂದು ನೆಲದ ಮೇಲೆ ಕೂತರು. ಮೊದಲು ಮಾಡಿದ ಕೆಲಸವೆಂದರೆ ರಮ್ಲಾಳ ತಟ್ಟೆ, ಪಾತ್ರೆ, ಗೆರಸೆಗಳನ್ನೆಲ್ಲ ತರಿಸಿ ಇಟ್ಟಿಗೆಗಳನ್ನು ಗಾತ್ರ ಪ್ರಕಾರ ವಿಂಗಡಿಸಿದ್ದು. ಆ ದಿನ ಮಧ್ಯಾಹ್ನ ನಾವು ಬಾಳೆಲೆಯಲ್ಲಿ ಉಂಡೆವು. ಎರಡನೆಯ ಕೆಲಸ, ಅರ್ಧ ಬಕೆಟ್ ನೀರು ತರಿಸಿ ಬಿಳಿ ಇಟ್ಟಿಗೆಗಳನ್ನೆಲ್ಲ ಅದರೊಳಗೆ ಸುರಿದದ್ದು.

"ಅಜ್ಜಾ, ಎಂತ ಮಾಡುದು?"

"ಕಲ್ಲು ನೀರು ಕುಡೀಬೇಕು ಮಗಾ. ಒಣಕಲ್ಲು ಇಟ್ಟರೆ ಗಾರೆಯ ನೀರನ್ನೆಲ್ಲ ಅದೇ ಎಳೀತದೆ. ಮತ್ತೆ ಗೋಡೆ ಪುಡಿಪುಡಿ."

"ಇದಕ್ಕೆ ಗಾರೆ ಇಲ್ಲ ಅಜ್ಜಾ."

ಉಪ್ಪ ಬಕೆಟ್ಟಿನೊಳಗೆ ತೇಲುತ್ತಿದ್ದ ಇಟ್ಟಿಗೆಗಳನ್ನು ನೋಡಿದರು. ಐವತ್ತು ವರ್ಷದಲ್ಲಿ ನೀರಿಗೆ ಹಾಕಿದ ಕಲ್ಲು ತೇಲಿದ್ದನ್ನು ಅವರು ಕಂಡದ್ದು ಅದೇ ಮೊದಲು. ನಾನು ನಗೆ ತಡೆಯಲಾರದೆ ಅಡುಗೆಕೋಣೆಗೆ ಓಡಿದೆ, ಅಲ್ಲಿ ರಮ್ಲಾ ಮೊದಲೇ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಇಟ್ಟಿಗೆಗಳು ಒಣಗಲು ಒಂದು ಬಿಸಿಲು ಹೋಯಿತು.

ಆದರೆ ಮರುದಿನದಿಂದ ನಗುವ ಸರದಿ ನಮ್ಮದಾಗಿರಲಿಲ್ಲ. ಆ ಪೆಟ್ಟಿಗೆಯಲ್ಲಿ ಹೇಗೆ ಕಟ್ಟಬೇಕೆಂದು ತೋರಿಸುವ ದಪ್ಪದ ಪುಸ್ತಕವಿತ್ತು. ಅದರಲ್ಲಿ ಒಂದು ಅಕ್ಷರವೂ ಇಲ್ಲ, ಪುಟಪುಟವೂ ಚಿತ್ರ. ನಾನು ಮೂರು ಪುಟ ನೋಡಿ ತಲೆನೋವೆಂದು ಎದ್ದೆ. ಉಪ್ಪ ಕನ್ನಡಕ ಹಾಕಿ, ಪುಸ್ತಕವನ್ನು ಮನೆಯ ಪ್ಲಾನ್ ಹಿಡಿದ ಹಾಗೆ ದೂರ ಹಿಡಿದು, ಒಂದೊಂದೇ ಪುಟ ಮಗುಚುತ್ತಾ ಹೋದರು. ಅವರಿಗೆ ಓದು ಬಾರದು. ರುಜು ಹಾಕುವುದನ್ನು ಕಲಿಸಿದವಳು ನಾನೇ. ಅದರಿಂದ ಮುಂದಕ್ಕೆ ಕಲಿಸಲು ನನ್ನ ಬಿ.ಎಡ್. ಸಾಕಾಗಲಿಲ್ಲ. ಅಂಥವರು ಸಂಜೆಯ ಹೊತ್ತಿಗೆ ಕೊನೆಯ ಪುಟ ಮುಗಿಸಿ ಪುಸ್ತಕ ಮಡಚಿಟ್ಟು, "ಓದಿ ಆಯ್ತು" ಎಂದರು. ನನ್ನ ತಂದೆ ಜೀವಮಾನದಲ್ಲಿ ಮೊದಲಿನಿಂದ ಕೊನೆಯವರೆಗೆ ಓದಿದ ಏಕೈಕ ಪುಸ್ತಕ ಅದು. ಕನ್ನಡ ಟೀಚರಾದ ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು, ಬಹಳ ಸಂತೋಷವಾಯಿತು.

ಕೆಲಸ ಶುರುವಾಯಿತು. ಫ್ಯಾನಿನ ಕೊಕ್ಕೆಯಿಂದ ತೂಗುಗುಂಡು ಇಳಿಯಿತು. ಹೌದು, ಎರಡು ವಾರಕ್ಕೆ ಮಗನ ಮನೆಗೆ ಹೊರಟವರು ಆ ಚೀಲವನ್ನೂ ಬಟ್ಟೆಯ ಅಡಿಯಲ್ಲಿ ಇಟ್ಟುಕೊಂಡು ಬಂದಿದ್ದರು. ಹಿಬಾ ಇಟ್ಟಿಗೆ ಆರಿಸಿ ಕೊಡುವುದು, ಅಜ್ಜ ಇಡುವುದು. ಇಡುವಾಗ ಅವರ ಕೈ ಗಾಳಿಯಲ್ಲಿ ನಡುಗುತ್ತಿತ್ತು. ಗುಳ್ಳೆಗೆ ಗುಳ್ಳೆ ತಾಗಿ ಇಟ್ಟಿಗೆ ಕೂತ ಕೂಡಲೇ ನಿಲ್ಲುತ್ತಿತ್ತು. 'ಟಕ್' ಎಂಬ ಸದ್ದು ಬಂದಾಗಲೆಲ್ಲ ಅವರು "ಹಾಂ" ಎನ್ನುತ್ತಿದ್ದರು. ಟಕ್, ಹಾಂ. ಟಕ್, ಹಾಂ. ದಿನಕ್ಕೆ ಮೂರು ಸಲ ಚಾ, ಹತ್ತೂವರೆಗೆ ತಿಂಡಿ, ಸೈಟಿನಲ್ಲಿದ್ದ ಕ್ರಮದಲ್ಲೇ. ಒಮ್ಮೆ ರಮ್ಲಾ ಚಾ ತಡಮಾಡಿದ್ದಕ್ಕೆ, "ಹೀಗಾದರೆ ಕೆಲಸದವರು ನಿಲ್ಲುದಿಲ್ಲ" ಎಂದು ಹಿಬಾ ಅಮ್ಮನಿಗೆ ಬುದ್ಧಿ ಹೇಳಿದಳು. ಅವಳಿಗೆ ಆಗಲೇ ಮೇಸ್ತ್ರಿಯ ಗಾಳಿ ಬಡಿದಿತ್ತು.

ಒಂದು ವಾರದಲ್ಲಿ ರಾಕೆಟ್ಟು ನಿಂತಿತು. ಬಿಳಿಯ ಮೈ, ಕಪ್ಪು ಪಟ್ಟಿ, ಚೂಪು ಮೂಗು, ತೂಗುಗುಂಡಿನ ನೂಲಿಗೆ ಕೂದಲಷ್ಟೂ ತಪ್ಪಿಲ್ಲ. ಹಮೀದ್ ದುಬೈಯಿಂದ ವೀಡಿಯೋ ಕರೆಯಲ್ಲಿ ನೋಡಿ ಚಪ್ಪಾಳೆ ತಟ್ಟಿದ. ಹಿಬಾ ಪ್ರದರ್ಶನದ ಮಾತನ್ನು ಅಭ್ಯಾಸ ಮಾಡಲು ನಿಂತಳು. "ಈಗ ಮೊದಲನೆಯ ಹಂತ ಕಳಚಿಕೊಳ್ಳುತ್ತದೆ" ಎಂದು ಕೆಳಗಿನ ಭಾಗವನ್ನು ಹಿಡಿದು ಎಳೆದಳು. ಬರಲಿಲ್ಲ. ಇನ್ನೊಮ್ಮೆ ಎಳೆದಳು. ರಾಕೆಟ್ಟಿನ ಜೊತೆ ಮೇಜೇ ಬಂತು.

"ಬರುದಿಲ್ಲ ಮಗಾ," ಉಪ್ಪ ಕುರ್ಚಿಯಿಂದಲೇ ಹೇಳಿದರು, ಆ ಹೆಮ್ಮೆಯನ್ನು ಏನು ಹೇಳಲಿ. "ಆನೆ ಎಳೆದರೂ ಬರುದಿಲ್ಲ. ಪುಸ್ತಕದವನು ಅಲ್ಲಿ ತಪ್ಪಿದ್ದ. ನಾನು ಸರಿ ಮಾಡಿದ್ದೇನೆ."

ಆಗಿದ್ದು ಇಷ್ಟು. ಒಂದನೆಯ ಹಂತ ಮುಗಿದು ಎರಡನೆಯದು ಶುರುವಾಗುವಲ್ಲಿ, ಗುಳ್ಳೆಯಿಲ್ಲದ ನುಣುಪು ಬಿಲ್ಲೆಗಳನ್ನು ಹಾಸಿ, ನಡುವೆ ನಾಲ್ಕೇ ನಾಲ್ಕು ಗುಳ್ಳೆಗಳ ಹಿಡಿತದಲ್ಲಿ ಮೇಲಿನದನ್ನು ಕೂರಿಸಲು ಪುಸ್ತಕದಲ್ಲಿತ್ತು. ಬೇಕಾದಾಗ ಸುಲಭವಾಗಿ ಕಳಚಲೆಂದೇ ಆ ಏರ್ಪಾಡು. ಉಪ್ಪನ ಕಣ್ಣಿಗೆ ಅದು ಕಳ್ಳ ಕೆಲಸದ ಹಾಗೆ ಕಂಡಿತ್ತು. ನುಣುಪು ಬಿಲ್ಲೆ ಅಂದರೆ ನೆಲಕ್ಕೆ ಹಾಕುವ ಟೈಲ್ಸ್, ಅದಕ್ಕೆ ಗೋಡೆಯ ನಡುವೆ ಎಂತ ಕೆಲಸ? ಅವನ್ನೆಲ್ಲ ತೆಗೆದು ಗೋಪುರದ ಅಂಗಳಕ್ಕೆ ಚಂದವಾಗಿ ಹಾಸಿದ್ದರು. ಸಂದಿಗೆ ಗುಳ್ಳೆಯ ಇಟ್ಟಿಗೆ ತುಂಬಿಸಿ, ಸಾಲದ್ದಕ್ಕೆ ಎಂಟು ಉದ್ದದ ತುಂಡುಗಳನ್ನು ಕೆಳಗಿನಿಂದ ಮೇಲಕ್ಕೆ ಬಿಗಿದಿದ್ದರು. ಸಂದಿನ ಮೇಲೆ ಸಂದು ಬರಬಾರದು, ಒಂದು ಕಲ್ಲು ಇನ್ನೆರಡನ್ನು ಹಿಡಿದಿರಬೇಕು. ಇದು ಅವರ ಐವತ್ತು ವರ್ಷದ ಪಾಠ. ಒಟ್ಟಿನಲ್ಲಿ ಆಕಾಶಕ್ಕೆ ಹೋಗಬೇಕಾದ ರಾಕೆಟ್ಟನ್ನು ಅವರು ಮೂರು ತಲೆಮಾರು ನಿಲ್ಲುವ ಮನೆಯ ಹಾಗೆ ಕಟ್ಟಿದ್ದರು.

ಹಿಬಾಳ ಮುಖ ಸಣ್ಣದಾಯಿತು. ಪ್ರದರ್ಶನಕ್ಕೆ ಆರೇ ದಿನ. ಕಳಚದ ರಾಕೆಟ್ಟು ಹೊತ್ತುಕೊಂಡು ಹೋಗಿ ಅವಳು ಎಂತ ತೋರಿಸಬೇಕು? ಬಿಚ್ಚಿ ಕಟ್ಟಲೇಬೇಕು. ಆದರೆ ಮೂರು ವರ್ಷದ ಮೇಲೆ ಮೊದಲ ಸಲ ಕೆಲಸ ಮಾಡಿ, ಕಾಲ ಮೇಲೆ ಕಾಲು ಹಾಕಿ ಕೂತ ಮನುಷ್ಯನಿಗೆ, ನಿಮ್ಮ ಕೆಲಸ ತಪ್ಪಾಗಿದೆ, ಕೆಡವಿ ಎಂದು ಹೇಳುವವರು ಯಾರು? ರಮ್ಲಾ ನನ್ನನ್ನು ನೋಡಿದಳು. ನಾನು ಕಿಟಕಿಯನ್ನು ನೋಡಿದೆ.

ನನ್ನ ಹೇಡಿತನಕ್ಕೆ ಕಾರಣವುಂಟು. ಹನ್ನೊಂದು ವರ್ಷದವಳಿದ್ದಾಗ ನಾನೂ ಒಂದು ಕಟ್ಟಡ ಕಟ್ಟಿದ್ದೆ. ಉಪ್ಪ ತಂದು ಹಾಕಿದ ಒಡಕು ಕಲ್ಲುಗಳಿಂದ ಕೋಳಿಗೂಡು. ಮಣ್ಣು ಕಲಸಿ, ಲಂಗವನ್ನೆಲ್ಲ ಕೆಂಪು ಮಾಡಿಕೊಂಡು, ಉಮ್ಮನಿಂದ ಎರಡು ಪೆಟ್ಟು ತಿಂದು ಮುಗಿಸಿದ್ದು. ಸಂಜೆ ಉಪ್ಪ ಕೆಲಸದಿಂದ ಬಂದು, ಒಂದು ಕಣ್ಣು ಮುಚ್ಚಿ ನೋಡಿ, ಒಂದು ಬೆರಳಿನಿಂದ ಮೆಲ್ಲ ದೂಡಿದರು. ಗೋಡೆ ಹಾಯಾಗಿ ಮಲಗಿತು. "ಕೋಳಿ ಮೇಲೆ ಬಿದ್ದರೆ ಅದು ಯಾರ ಹತ್ತಿರ ಹೇಳುದು?" ಎಂದು ಕೇಳಿದರು, ಅಷ್ಟೇ. ಮೂರು ಸಲ ಕಟ್ಟಿದೆ, ಮೂರು ಸಲವೂ ಬೆರಳು ಬಂತು. ನಾಲ್ಕನೆಯ ಸಲ ನಿಂತದ್ದಕ್ಕೆ ನನ್ನ ಕೈಗೆ ಕರಣೆ ಕೊಟ್ಟು, ಹಿಡಿದುಕೋ ಎಂದರು. ಆ ಗೂಡು ಈಗಲೂ ಇದೆ, ನೋಡಲಿಕ್ಕೆ ಮಾತ್ರ ಹೋಗಬೇಡಿ. ಬೇರೆಯವರ ಗೋಡೆಗೆ ಬೆರಳಿಡುತ್ತಿದ್ದ ಆ ಮನುಷ್ಯನ ಗೋಡೆಗೆ ನಾನು ಹೇಗೆ ಬೆರಳಿಡಲಿ?

ಬೆರಳಿಟ್ಟವಳು ಹಿಬಾ. ಮಧ್ಯಾಹ್ನದ ಊಟವಾದ ಮೇಲೆ ಅಮ್ಮನ ಮೊಬೈಲು ತಂದು ಅಜ್ಜನ ಪಕ್ಕ ಕೂತಳು. ನಮ್ಮ ದೇಶದ ಯಾವುದೋ ರಾಕೆಟ್ಟು ಹಾರುವ ವೀಡಿಯೋ. ಬೆಂಕಿ, ಹೊಗೆ, ರಾಕೆಟ್ಟು ಎದ್ದಿತು, ಮೇಲೆ ಹೋಯಿತು. ಸ್ವಲ್ಪ ಹೊತ್ತಿಗೆ ಕೆಳಗಿನ ತುಂಡು ಬಿಟ್ಟುಕೊಂಡು ಹಿಂದೆ ಉಳಿಯಿತು.

ಉಪ್ಪ ಗಾಬರಿಯಾದರು. "ಅದು ಬಿತ್ತಲ್ಲ ಮಗಾ."

"ಬೀಳ್ಳೇಬೇಕು ಅಜ್ಜಾ. ಅದರ ಎಣ್ಣೆ ಮುಗೀತು. ಇನ್ನು ಇಟ್ಟುಕೊಂಡರೆ ಮೇಲೆ ಹೋಗುವವನಿಗೆ ಭಾರ."

"ಬೀಳ್ತದೆ ಅಂತ ಕಟ್ಟಿದವನಿಗೆ ಗೊತ್ತುಂಟಾ?"

"ಗೊತ್ತುಂಟು. ಬೀಳ್ಳಿಕ್ಕೇ ಕಟ್ಟಿದ್ದು."

ಉಪ್ಪ ಇನ್ನೊಮ್ಮೆ ಹಾಕಿಸಿದರು. ಮತ್ತೊಮ್ಮೆ. ನಾಲ್ಕನೆಯ ಸಲ ನೋಡುವಾಗ ಅವರು ರಾಕೆಟ್ಟನ್ನು ನೋಡುತ್ತಿರಲಿಲ್ಲ, ಬಿಟ್ಟುಕೊಳ್ಳುವ ಆ ಸಂದನ್ನೇ ನೋಡುತ್ತಿದ್ದರು. ನಾನು ಬಾಗಿಲ ಹತ್ತಿರ ನಿಂತು ನೋಡುತ್ತಿದ್ದೆ. ಕೊನೆಗೆ ಕನ್ನಡಕ ತೆಗೆದು ಮಡಿಲಲ್ಲಿಟ್ಟು ಹೇಳಿದರು.

"ಹಾಗಾದರೆ ಇದು ಗೋಡೆ ಅಲ್ಲ. ಸಾರುವೆ. ಮೊದಲೇ ಹೇಳ್ಬಾರದಾ ಮಾರಾಯ್ತಿ?"

ಗೋಡೆ ಆಳೆತ್ತರ ಮೀರಿದ ಮೇಲೆ ನಿಂತು ಕೆಲಸ ಮಾಡಲು ಕಂಗಿನ, ಅಂದರೆ ಅಡಿಕೆಯ, ಮರಗಳನ್ನು ಕಟ್ಟುತ್ತಾರಲ್ಲ, ಅದು ಸಾರುವೆ. ಜನರನ್ನೂ ಕಲ್ಲನ್ನೂ ಹೊರುವಷ್ಟು ಗಟ್ಟಿ ಇರಬೇಕು, ಕೆಲಸ ಮುಗಿದ ದಿನ ಒಂದೇ ಎಳೆತಕ್ಕೆ ಗಂಟು ಬಿಚ್ಚಬೇಕು. ಅಂಥ ಗಂಟು ಹಾಕುವುದರಲ್ಲಿ ಉಪ್ಪನಿಗೆ ಸಮಾನರಿರಲಿಲ್ಲ. "ಸಾರುವೆ ಅಂದರೆ ನನಗೆ ಗೊತ್ತಿಲ್ವಾ?" ಎನ್ನುತ್ತಾ ಎದ್ದು ಹೋಗಿ ರಾಕೆಟ್ಟನ್ನು ಎರಡು ಕೈಯಲ್ಲಿ ಎತ್ತಿ, ಚಾಪೆಯ ಮೇಲೆ ಮಲಗಿಸಿ, ತಾವೇ ಬಿಚ್ಚತೊಡಗಿದರು. ಮುಖದಲ್ಲಿ ಬೇಸರದ ಎಳೆಯೂ ಇರಲಿಲ್ಲ. ನನಗೆ ಮಾತ್ರ ಕಣ್ಣಲ್ಲಿ ನೀರು ಬಂತು, ಈರುಳ್ಳಿ ಹೆಚ್ಚುವ ನೆಪ ಮಾಡಿಕೊಂಡು ಒಳಗೆ ಹೋದೆ. ರಮ್ಲಾ ಆಗಲೇ ಹೆಚ್ಚಿ ಮುಗಿಸಿದ್ದಳು. ಹಾಗಾಗಿ ಆ ದಿನ ಸಾರಿಗೆ ಈರುಳ್ಳಿ ಎರಡು ಪಟ್ಟು ಬಿತ್ತು.

ಕಟ್ಟಲು ಏಳು ದಿನ ಹಿಡಿದದ್ದನ್ನು ಮತ್ತೆ ಕಟ್ಟಲು ನಾಲ್ಕೇ ದಿನ ಸಾಕಾಯಿತು. ಗೋಪುರವನ್ನೂ ಬಿಚ್ಚಿ, ಅಂಗಳದ ಟೈಲ್ಸ್ ಎಬ್ಬಿಸಿ ಅದರ ಜಾಗಕ್ಕೆ ಹಾಕಿದರು. ಈಗ ಹಿಬಾ ಎರಡು ಬೆರಳಲ್ಲಿ ಹಿಡಿದು ಸ್ವಲ್ಪ ತಿರುಚಿದರೆ ಸಾಕು, ಮೊದಲನೆಯ ಹಂತ ಹಿತವಾಗಿ ಕೈಗೆ ಬರುತ್ತಿತ್ತು. ಉಪ್ಪ ಪ್ರತಿ ಸಲವೂ ತಾವೇ ಬಿಚ್ಚಿ ತೋರಿಸಬೇಕೆಂದು ಹಠ ಮಾಡಿದರು.

ಸಾರುವೆಯ ಮಾತು ಬಂದದ್ದರಿಂದ ನೆಲ್ಯಾಡಿಯ ಅಮ್ಮಚ್ಚಿಯ ವಿಷಯ ಹೇಳಲೇಬೇಕು. ಸಾರುವೆಯ ಅಡ್ಡಮರ ತೂರಿಸಲು ಗೋಡೆಯಲ್ಲಿ ಅಲ್ಲಲ್ಲಿ ಒಂದೊಂದು ಕಲ್ಲಿನ ತೂತು ಬಿಡುತ್ತಾರೆ, ಕೆಲಸ ಮುಗಿದ ಮೇಲೆ ಮುಚ್ಚುತ್ತಾರೆ. ಉಪ್ಪ ಎಲ್ಲವನ್ನೂ ಮುಚ್ಚಿ, ಮನೆಯ ಹಿಂಬದಿಯಲ್ಲಿ ಒಂದನ್ನು ಹಾಗೇ ಬಿಡುತ್ತಿದ್ದರು. ಅದು ಅವರೊಬ್ಬರದೇ ಕ್ರಮ, ಬೇರೆ ಮೇಸ್ತ್ರಿಗಳು ಹಾಗೆ ಮಾಡುವುದನ್ನು ನಾನು ಕಂಡಿಲ್ಲ. ಆ ತೂತಿನ ಕಲ್ಲನ್ನು ಕೆತ್ತಿ ಸರಿಮಾಡಿ ಬೇರೆಯೇ ತೆಗೆದಿಡುತ್ತಿದ್ದರು. "ಒಂದು ಕಲ್ಲಿನ ಕೆಲಸ ಉಳಿದರೆ ಅವರು ಒಮ್ಮೆ ಕರೀತಾರೆ. ಹೋಗಿ ಮುಚ್ಚಿ, ಮನೆ ಹೇಗುಂಟು, ಮಕ್ಕಳು ಹೇಗಿದ್ದಾರೆ ಅಂತ ನೋಡಿ, ಚಾ ಕುಡಿದು ಬರುದು." ನೆಲ್ಯಾಡಿಯ ರಬ್ಬರ್ ತೋಟದಲ್ಲಿ ಅವರು ಕಟ್ಟಿದ ಮನೆಯ ಯಜಮಾನತಿ ಕೇರಳದ ಕಡೆಯಿಂದ ಬಂದವರು, ಎಲ್ಲರೂ ಅಮ್ಮಚ್ಚಿ ಎನ್ನುತ್ತಿದ್ದರು. ಅವರು ವರ್ಷಕ್ಕೊಮ್ಮೆ ತೂತು ಮುಚ್ಚಲು ಕರೆಯುತ್ತಿದ್ದರು. ಉಪ್ಪ ಹೋಗುತ್ತಿದ್ದರು. ಬೇಯಿಸಿದ ಮರಗೆಣಸು, ಖಾರದ ಮೀನುಸಾರು ಆಗುತ್ತಿತ್ತು. ತೂತಿನಲ್ಲಿ ಗೊರವಂಕದ ಮರಿಗಳುಂಟೆಂದು ಅಮ್ಮಚ್ಚಿ ಹೇಳುತ್ತಿದ್ದರು, ಹಾಗಾದರೆ ಬರುವ ವರ್ಷ ಮುಚ್ಚುವಾ ಎಂದು ಇವರು ಹೇಳುತ್ತಿದ್ದರು. ಅಮ್ಮಚ್ಚಿ ಇರುವಷ್ಟು ಕಾಲ, ಹದಿನಾಲ್ಕು ವರ್ಷ ಹೀಗೇ ನಡೆಯಿತು. ಕುಂಬ್ರದ ನಮ್ಮ ಮನೆಗೆ ಮಾತ್ರ ತೂತಿಲ್ಲ. ಯಾಕೆಂದು ಕೇಳಿದ್ದಕ್ಕೆ, "ಇಲ್ಲಿ ನಾನೇ ಇರ್ತೇನಲ್ಲ, ನನ್ನನ್ನು ಯಾರು ಕರೀಬೇಕು?" ಎಂದಿದ್ದರು.

ಶನಿವಾರ ಬಂತು. ಆಟೋದ ಹಿಂದಿನ ಸೀಟಿನಲ್ಲಿ ರಾಕೆಟ್ಟು ಮಡಿಲಲ್ಲಿಟ್ಟುಕೊಂಡು ಉಪ್ಪ, ಅತ್ತಿತ್ತ ನಾನು ಮತ್ತು ಹಿಬಾ. ಗುಂಡಿ ಬಂದಲ್ಲೆಲ್ಲ ಉಪ್ಪ ಡ್ರೈವರಿಗೆ, "ಮೆಲ್ಲ ಮಾರಾಯ, ಇದು ಇನ್ನೂ ಹಸಿ ಉಂಟು" ಎನ್ನುತ್ತಿದ್ದರು. ಪ್ರದರ್ಶನದ ಹಾಲಿನಲ್ಲಿ ಜ್ವಾಲಾಮುಖಿ ನಾಲ್ಕು, ಹನಿ ನೀರಾವರಿ ಮೂರು, ರಾಕೆಟ್ಟು ಒಂದೇ. ಹಿಬಾ ತಡವರಿಸದೆ ಹೇಳಿದಳು. "ಈಗ ಮೊದಲನೆಯ ಹಂತ ಕಳಚಿಕೊಳ್ಳುತ್ತದೆ" ಎಂದು ತಿರುಚಿದಳು. ಟಕ್.

ಬಿಟ್ಟುಕೊಂಡ ಆ ತುಂಡು ಹಿಬಾಳ ಕೈಯಲ್ಲೇ ಇತ್ತು. ಆದರೂ ಜನರ ನಡುವಿನಿಂದ ಎರಡು ಒರಟು ಕೈಗಳು ಅದರ ಅಡಿಗೆ ಚಾಚಿಕೊಂಡು ಬಂದವು. ಉಪ್ಪನವು. ಇಷ್ಟು ದಿನ ತಾವೇ ಬಿಚ್ಚಿ ಕಟ್ಟಿದ್ದರೂ ಗೋಡೆ ಕಳಚಿದ ಸದ್ದು ಕೇಳಿ ಸುಮ್ಮನೆ ನಿಲ್ಲಲು ಅವರ ಕೈಗೆ ಗೊತ್ತಿಲ್ಲ. ಸುತ್ತಲಿದ್ದವರು ನಕ್ಕರು, ಉಪ್ಪನೂ ನಕ್ಕರು. ಪರೀಕ್ಷಕರು ಗೋಪುರದ ಹಿಂಬದಿಗೆ ಬೆರಳಿಟ್ಟು, "ಇಲ್ಲಿ ಒಂದು ಇಟ್ಟಿಗೆ ಇಲ್ಲವಲ್ಲ?" ಎಂದು ಕೇಳಿದರು.

"ಅದು ಸಾರುವೆ ತೂತು ಸರ್," ಎಂದಳು ಹಿಬಾ. "ಕಟ್ಟಿದವರು ಬೇಕಂತಲೇ ಬಿಟ್ಟದ್ದು."

ಪರೀಕ್ಷಕರು ಗಂಭೀರವಾಗಿ ಅದನ್ನು ಬರೆದುಕೊಂಡರು. ಎಲ್ಲೋ ಬಿದ್ದುಹೋದ ಇಟ್ಟಿಗೆಗೆ ಹುಡುಗಿ ಒಳ್ಳೆಯ ಹೆಸರು ಕೊಟ್ಟಳಲ್ಲ ಎಂದು ನಾನು ಒಳಗೊಳಗೇ ಮೆಚ್ಚಿಕೊಂಡೆ. ಬಹುಮಾನ ಎರಡನೆಯದು ಬಂತು. ಮೊದಲನೆಯದು ಸೆಗಣಿಯಿಂದ ದೀಪ ಉರಿಸಿದವನಿಗೆ ಹೋಯಿತು. "ಅವನ ದೀಪ ಉರಿದದ್ದು ಹೌದು" ಎಂದು ಉಪ್ಪ ನ್ಯಾಯವಾಗಿ ಒಪ್ಪಿದರು. ಮರುದಿನ ನಾವು ಕುಂಬ್ರಕ್ಕೆ ಬಂದೆವು. ಅದರ ಮರುದಿನ ಸೋಮವಾರ, ಜೇಬಿನ ಇಟ್ಟಿಗೆ.

ಈಗ ನಿಮಗೆ ತಿಳಿದಿರಬಹುದು. ನನಗೆ ತಿಳಿಯಲು ಅರ್ಧ ದಿನ ಹಿಡಿಯಿತು. ಸಂಜೆ ಶಾಲೆಯಿಂದ ಬಂದು, ಉಪ್ಪನಿಗೆ ಕೇಳದ ಹಾಗೆ ಹಿಬಾಳಿಗೆ ಫೋನು ಮಾಡಿದೆ. "ನಿನ್ನ ಒಂದು ಇಟ್ಟಿಗೆ ಇಲ್ಲಿ ಉಂಟು ಮಗಾ."

"ಗೊತ್ತುಂಟು ಅತ್ತೆ."

"ಮತ್ತೆ ಕರೀಲಿಕ್ಕಿಲ್ವಾ?"

"ಈಗಲೇ ಕರೀಬಾರದು. ಮನೆ ಒಕ್ಕಲಾಗಿ ಸ್ವ‌ಲ್ಪ ದಿನ ಹೋಗ್ಬೇಕಂತೆ. ಅಜ್ಜನೇ ಹೇಳಿದ್ದು."

ಸ್ವಲ್ಪ ದಿನವೆಂದರೆ ಎಷ್ಟು ದಿನ? ಆ ವಾರ ಹೋಯಿತು. ಉಪ್ಪ ಮೊಬೈಲಿಗೆ ದಿನಕ್ಕೆರಡು ಸಲ ಚಾರ್ಜ್ ಹಾಕಿದರು. ಕಪಾಟಿನ ಮೇಲಿನ ಇಟ್ಟಿಗೆಯನ್ನು ತೆಗೆದು, ಒರೆಸಿ, ಮತ್ತೆ ಅಲ್ಲೇ ಇಟ್ಟರು. ಎರಡನೆಯ ವಾರವೂ ಹೋಗತೊಡಗಿದಾಗ ನನಗೆ ತಡೆಯಲಾಗಲಿಲ್ಲ. ಮಕ್ಕಳಲ್ಲವೇ, ಹೊಸ ಆಟ ಸಿಕ್ಕಿ ಮರೆತಿದ್ದರೆ? ರಮ್ಲಾಳಿಗೆ ನೆನಪಿಸಲೇ ಎಂದು ಎರಡು ಸಲ ಫೋನು ಎತ್ತಿ ಇಟ್ಟೆ. ನೆನಪಿಸಿ ಕರೆಸಿದರೆ ಅದು ಕರೆದ ಹಾಗಾಗುವುದಿಲ್ಲ.

ಶುಕ್ರವಾರ ಸಂಜೆ ಉಪ್ಪ ಜಗಲಿಯಲ್ಲಿ ಕೂತು ರಸ್ತೆ ನೋಡುತ್ತಿದ್ದರು. ಮೊಬೈಲು ರಿಂಗಾಯಿತು. ಅವರು ಒಂದು ರಿಂಗು, ಎರಡು ರಿಂಗು ಬಿಟ್ಟು, ಮೂರನೆಯದಕ್ಕೆ ಎತ್ತಿದರು. ಕಿವಿ ಸ್ವಲ್ಪ ಮಂದವಾದ್ದರಿಂದ ಸ್ಪೀಕರಿನಲ್ಲೇ ಮಾತಾಡುವುದು.

"ಅದ್ದು ಮೇಸ್ತ್ರಿಯವರಾ? ನಾನು ಅಜ್ಜಾವರದಿಂದ. ನೀವು ಕಟ್ಟಿದ್ದರಲ್ಲಿ ಹಿಂದೆ ಒಂದು ತೂತು ಉಂಟು. ಯಾವಾಗ ಬರ್ತೀರಿ?"

ಉಪ್ಪ ಕುರ್ಚಿಯಲ್ಲಿ ನೆಟ್ಟಗಾದರು. ಹಣೆ ಗಂಟು ಹಾಕಿಕೊಂಡರು. ಮೂರು ವರ್ಷದ ಹಿಂದೆ ನಾವೆಲ್ಲ ಕೇಳುತ್ತಿದ್ದ ಆ ಗತ್ತಿನ ದನಿ ಹಾಗೆಹಾಗೇ ಬಂತು. "ಈ ವಾರ ಸ್ವಲ್ಪ ಕಷ್ಟ ಉಂಟು ಮಾರಾಯ್ತಿ. ಕೆಲಸ ತುಂಬ. ನೋಡುವಾ."

"ಸರಿಯಾಗಿ ಹೇಳಿ ಮೇಸ್ತ್ರಿ."

"ಆಯ್ತು. ನಾಳೆ ಬರ್ತೇನೆ."

ಫೋನಿಟ್ಟು ನನ್ನತ್ತ ತಿರುಗಿ, "ಜನರದ್ದು ಉಪದ್ರ ನೋಡು" ಎಂದರು. ಮುಖ ಅರಳಿ ಹೋಗಿತ್ತು. ನಾನು ಅಡುಗೆಕೋಣೆಯಲ್ಲಿ ಯಾವ ನೆಪವನ್ನೂ ಮಾಡದೆ ಅತ್ತೆ, ನಕ್ಕೆ, ಎರಡನ್ನೂ ಮಾಡಿದೆ.

ಮರುದಿನ ಬೆಳಿಗ್ಗೆ ನಾನೇಳುವಾಗ ಮೊಳೆಯಲ್ಲಿ ಕರಣೆಯ ಚೀಲವಿರಲಿಲ್ಲ, ಕಪಾಟಿನ ಮೇಲೆ ಇಟ್ಟಿಗೆಯಿರಲಿಲ್ಲ. ಉಪ್ಪ ಸುಳ್ಯದ ಮೊದಲ ಬಸ್ಸಿಗೇ ಹೋಗಿಯಾಗಿತ್ತು. ಐವತ್ತು ವರ್ಷದಲ್ಲಿ ಅದ್ದು ಮೇಸ್ತ್ರಿ ಹೇಳಿದ ನಾಳೆ, ಮರುದಿನವೇ ಬಂದದ್ದು ಅದೊಂದೇ ಸಲ. ಉಮ್ಮ ಇರಬೇಕಿತ್ತು, ನೋಡಲಿಕ್ಕೆ.